ವಜ್ರಲೇಪದ ಅರ್ಥವಿಚಾರ

ಪುಣ್ಯಕ್ಷೇತ್ರದಲ್ಲಿ ಮಾಡಿದ ಪಾಪವು ವಜ್ರಲೇಪವಾಗುವುದೆಂಬ ನಾಣ್ಣುಡಿಯ ಬಲದಿಂದ ಈ ಶಬ್ದವು ಕನ್ನಡದಲ್ಲಿ ‘ಎಂದಿಗೂ ಅಳಿಯದುದು’ ಎಂಬ ಲಾಕ್ಷಣಿಕಾರ್ಥದಲ್ಲಿಯೇ ರೂಢವಾಗಿರುವುದು. ವಾಚ್ಯಾರ್ಥವನ್ನು ಹೇಳಬೇಕಾದಾಗ ‘ವಜ್ರದಂತೆ ಗಟ್ಟಿಯಾದ ಗಾರೆ’ ಎಂದು ವಿವರಿಸಿ ಮುಂದೆ ಸಾಗುವುದುಂಟು. ಈ ವಿವರಣೆಯನ್ನೇ ನೆಚ್ಚಿದರೆ, ಹಗುರ ಜಲ್ಲಿಯ ಕಾಂಕ್ರೀಟಿಗೆ ಸಸ್ಯದ್ರವ್ಯಗಳನ್ನು ಬಳಸುವ ಇಂದಿನ ಪ್ರಯೋಗಗಳೆಲ್ಲವೂ ವರಾಹಮಿಹಿರನಲ್ಲಿಯೇ ಉಂಟೆಂದು ಸಾಧಿಸುವುದು ಸುಲಭವಾಗುತ್ತದೆ. ಗಾರೆಯೂ ಲೇಪವೂ ಒಂದೇ ಅಲ್ಲ. ಈ ಭೇದವನ್ನು ಮರೆತರೆ ಗ್ರಂಥಕ್ಕೆ ಅನ್ಯಾಯವಾಗುವುದು, ಪ್ರಯೋಗವೂ ಕೆಡುವುದು.

ಗದಗ ತಾಲೂಕಿನ ಹಿರೇಹಂದಿಗೋಳ ಮೊದಲಾದ ಊರುಗಳ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡವರಿಗೆ ಈ ಭೇದವು ಹೊಸತಲ್ಲ. ಗೋಡೆಯ ಮಣ್ಣಿಗೆ ಹುಲ್ಲುಹೊಟ್ಟನ್ನು ಕಲಸುವುದು ಒಂದು ಕೆಲಸ. ಒಣಗಿದ ಗೋಡೆಯನ್ನು ಸಗಣಿಯಿಂದ ಸಾರಿಸುವುದು ಮತ್ತೊಂದು. ಮೊದಲನೆಯದು ವಸ್ತುವಿನ ಒಡಲನ್ನು ಬಿಗಿಯುತ್ತದೆ, ಎರಡನೆಯದು ಮೈಯನ್ನು ಕಾಯುತ್ತದೆ. ಸುಣ್ಣದ ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುವ ದಕ್ಷಿಣದೇಶದ ಪದ್ಧತಿಯು ಕಲಸುವ ವರ್ಗಕ್ಕೆ ಸೇರಿದುದು. ವಜ್ರಲೇಪವು ಹೆಸರಿಗೆ ತಕ್ಕಂತೆ ಬಳಿಯುವ ವರ್ಗಕ್ಕೆ ಸೇರಿದುದು.

ಕ್ರಿ.ಶ. 6ನೆಯ ಶತಮಾನದ ಬೃಹತ್ಸಂಹಿತೆಯ ವಜ್ರಲೇಪಾಧ್ಯಾಯದಲ್ಲಿ ಇದಕ್ಕೆ ಸ್ಪಷ್ಟವಾದ ಆಧಾರವಿದೆ. ಹಸಿಯ ತಿಂದುಕ, ಹಸಿಯ ಬೇಲದಕಾಯಿ, ಬೂರುಗದ ಹೂವು, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವುಗಳನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲು ಉಳಿಯುವವರೆಗೆ ಕುದಿಸಿ, ಗುಗ್ಗುಳ, ರಾಳ ಮೊದಲಾದ ಅಂಟುಗಳನ್ನೂ ಕೇರುಬೀಜ, ಅಗಸೆ, ಬಿಲ್ವಗಳನ್ನೂ ಅರೆದು ಸೇರಿಸಿ, ಕಾಯಿಸಿದ ಲೇಪವನ್ನು ಪ್ರಾಸಾದ, ಪ್ರತಿಮೆ, ಗೋಡೆ, ಬಾವಿಗಳ ಮೇಲೆ ಬಳಿಯಬೇಕೆಂಬುದು ಅಲ್ಲಿನ ವಿಧಿ. ಸುಣ್ಣದ ಹೆಸರು ಈ ಯೋಗದಲ್ಲಿಲ್ಲ. ಲೇಪವು ಸಾವಿರ ಅಯುತ, ಎಂದರೆ ಒಂದು ಕೋಟಿ ವರ್ಷ ನಿಲ್ಲುವುದೆಂಬ ಮಾತು ಪ್ರಶಂಸೆಯೇ ಹೊರತು ಪ್ರಮಾಣವಲ್ಲ. ನಾಣ್ಣುಡಿಯು ಉಳಿಸಿಕೊಂಡುದು ಈ ಪ್ರಶಂಸೆಯನ್ನು, ಮರೆತುದು ವಿಧಿಯನ್ನು.

ವಿಧಿಯಲ್ಲಿ ಎರಡು ಪದಗಳು ವಿಶೇಷವಾಗಿ ಪರಿಶೀಲನೀಯವಾಗಿವೆ. ತಿಂದುಕಕ್ಕೂ ಬೇಲಕ್ಕೂ ‘ಆಮ’ ಎಂಬ ವಿಶೇಷಣವನ್ನು ಬೇರೆ ಬೇರೆಯಾಗಿ ಹಚ್ಚಿರುವುದು ಛಂದಸ್ಸಿನ ಪೂರಣಕ್ಕೆಂದು ತಳ್ಳಿಹಾಕತಕ್ಕುದಲ್ಲ. ಹಣ್ಣಿನಲ್ಲಿ ಸಕ್ಕರೆ ಹೆಚ್ಚು, ಹಸಿಗಾಯಿಯಲ್ಲಿ ಒಗರು ಹೆಚ್ಚು. ತಿಂದುಕಜಾತಿಯ ಹಸಿಗಾಯಿಯ ಒಗರುರಸವನ್ನು ದೋಣಿಗಳಿಗೂ ಮೀನುಬಲೆಗಳಿಗೂ ಬಳಿದು ನೀರಿನಿಂದ ಕಾಪಾಡುವ ರೂಢಿ ಭಾರತದಲ್ಲಿ ಬಹುಕಾಲದಿಂದಲೂ ಬಂದಿರುವುದು. ಎರಡನೆಯ ಪದವು ‘ತಪ್ತ’. ಬಿಸಿಯಲ್ಲಿ ತೆಳುವಾದ ಅಂಟು ಕಲ್ಲಿನ ರಂಧ್ರಗಳೊಳಗೆ ಇಳಿದು, ಆರಿದ ಮೇಲೆ ಅವುಗಳ ಬಾಯನ್ನು ಮುಚ್ಚುತ್ತದೆ. ಅಗಸೆಯ ಎಣ್ಣೆಯು ಗಾಳಿಗೆ ಒಣಗಿ ಪೊರೆಗಟ್ಟುವುದೂ ತಿಳಿದ ಸಂಗತಿಯೇ.

ಇಂದಿನ ಹಗುರ ಜಲ್ಲಿಯ ಸಮಸ್ಯೆಯೂ ರಂಧ್ರದ್ದೇ. ಸಾಮಾನ್ಯ ಕಾಂಕ್ರೀಟು ಘನಮೀಟರಿಗೆ ಸುಮಾರು 2400 ಕಿಲೋಗ್ರಾಂ ತೂಗಿದರೆ, ಹಗುರ ಕಾಂಕ್ರೀಟು ಸುಮಾರು 2000ಕ್ಕಿಂತ ಕಡಮೆ ತೂಗುತ್ತದೆ. ಸುಟ್ಟು ಉಬ್ಬಿಸಿದ ಜೇಡಿ, ಜ್ವಾಲಾಮುಖಿಯ ನೊರೆಗಲ್ಲು, ತೆಂಗಿನ ಚಿಪ್ಪು ಮೊದಲಾದ ಜಲ್ಲಿಗಳು ಕಲಸುವಾಗಲೇ ನೀರನ್ನು ಹೀರಿ ಮಿಶ್ರಣದ ಅಳತೆಯನ್ನು ಕೆಡಿಸುತ್ತವೆ. ಕಲಸುವುದಕ್ಕೆ ಮುನ್ನ ಜಲ್ಲಿಯ ಮೈಗೆ ಎಣ್ಣೆ ಅಥವಾ ಅಂಟಿನ ಲೇಪವನ್ನು ಕೊಡುವ ಉಪಾಯವು ಇಷ್ಟರ ಮಟ್ಟಿಗೆ ವರಾಹಮಿಹಿರನ ಜಾಡಿನಲ್ಲಿಯೇ ಇದೆ.

ಸಾಮ್ಯವು ಇಲ್ಲಿಗೇ ಮುಗಿಯುವುದು. ವಜ್ರಲೇಪದ ಹೊರಮೈಗೆ ಗಾಳಿಮಳೆಗಳಷ್ಟೇ ಎದುರು. ಜಲ್ಲಿಯ ಲೇಪವು ಸಿಮೆಂಟಿನ ಕ್ಷಾರದಲ್ಲಿ ಮುಳುಗಿರಬೇಕು. ಆ ಕ್ಷಾರವು ಅಗಸೆಯೆಣ್ಣೆಯನ್ನು ಸಾಬೂನಾಗಿ ಮಾರ್ಪಡಿಸಬಲ್ಲುದು. ಕಷಾಯದಿಂದ ಬಿಡುವ ಸಕ್ಕರೆ, ಒಗರುಗಳು ಸಿಮೆಂಟು ಗಟ್ಟಿಯಾಗುವುದನ್ನು ತಡಮಾಡುತ್ತವೆ. ಲೇಪವು ಅತಿಯಾಗಿ ನುಣುಪಾದರೆ ಜಲ್ಲಿಗೂ ಸಿಮೆಂಟಿಗೂ ಇರುವ ಹಿಡಿತವು ಸಡಿಲುವುದು. ರಂಧ್ರಗಳಲ್ಲಿ ನಿಂತ ನೀರು ಮೆಲ್ಲನೆ ಹೊರಬಂದು ಕಾಂಕ್ರೀಟನ್ನು ಒಳಗಿನಿಂದ ಹದಗೊಳಿಸುವ ಗುಣವೂ ನಷ್ಟವಾಗುವುದು. ಪ್ರಾಚೀನ ಯೋಗವನ್ನು ಅಕ್ಷರಶಃ ಅನುಸರಿಸಿದವನು ಈ ದೋಷಗಳನ್ನೆಲ್ಲ ತಾನೇ ಬರಮಾಡಿಕೊಂಡಂತಾಗುವುದು.

ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನು ಲೋಕೋಪಕಾರವನ್ನು ರಚಿಸಿ ವಾಸ್ತು, ಜಲ, ವೃಕ್ಷಗಳ ವಿದ್ಯೆಯನ್ನು ಕನ್ನಡದಲ್ಲಿ ಪದ್ಯಕ್ಕಿಳಿಸಿದನು. ಇಂತಹ ಗ್ರಂಥಗಳನ್ನು ಪಾಠಹೇಳುವವರು ಹಸಿಗಾಯಿ ಯಾವುದು, ಕಲಸುವುದೇನು, ಬಳಿಯುವುದೇನು ಎಂಬುದನ್ನು ಮೊದಲು ನಿರ್ಣಯಿಸಬೇಕು. ವಜ್ರಲೇಪಕ್ಕೆ ‘ಗಾರೆ’ ಎಂಬ ಅರ್ಥವನ್ನು ಬಿಟ್ಟು ‘ಕಾಯಿಸಿ ಬಳಿಯುವ ಸಸ್ಯದ್ರವ್ಯಗಳ ಮೈಲೇಪ’ ಎಂದು ಬರೆಯುವುದು ಯುಕ್ತ. ನಾಣ್ಣುಡಿಯೂ ಆಗ ಹೆಚ್ಚು ಸ್ಫುಟವಾಗುತ್ತದೆ: ಪಾಪವು ಒಡಲಿಗೆ ಬೆರೆಯುವುದಲ್ಲ, ಮೈಗೆ ಅಂಟಿ ಉಳಿಯುವುದು.