ಒಂದು ಹಾಡು ತಂದ ಮಳೆಗಾಲ

2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯನ್ನು ನೋಡದವರಿಗೂ ‘ಅನಿಸುತಿದೆ’ ಹಾಡು ಗೊತ್ತು. ಅದನ್ನು ಕಟ್ಟಿದವರು ಮೂರು ದಿಕ್ಕಿನವರು. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮಿ. ಬರೆದವರು ಗೋಕರ್ಣದ ಕಥೆಗಾರ, ಕವಿ ಜಯಂತ ಕಾಯ್ಕಿಣಿ. ಹಾಡಿದ ಸೋನು ನಿಗಮ್ ಅವರ ಮನೆಮಾತು ಕನ್ನಡವಲ್ಲ. ಹಾಗಿದ್ದೂ ದನಿಯಲ್ಲಿ ಪರಕೀಯತೆ ಸುಳಿಯುವುದಿಲ್ಲ.

ಹಾಡಿನ ಜೀವವಿರುವುದು ಸಂಯಮದಲ್ಲಿ. ರಾಗ ಏರಿ ಅಬ್ಬರಿಸುವುದಿಲ್ಲ, ವಾದ್ಯಗಳು ಗಾಯಕನ ಮೈಮೇಲೆ ಬೀಳುವುದಿಲ್ಲ. ಪ್ರಾಸಕ್ಕಾಗಿ ತಂದು ತುರುಕಿದ ಪದಗಳೂ ಇಲ್ಲ. ಪ್ರೀತಿಯನ್ನು ಸಾರಿ ಹೇಳುವ ಬದಲು, ಅದು ಮೂಡುವ ಹೊತ್ತಿನ ಗಲಿಬಿಲಿಯನ್ನು ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಹಿಡಿದಿದ್ದಾರೆ ಕಾಯ್ಕಿಣಿ. (ಸಿನಿಮಾ ಹಾಡೆಂದರೆ ಮೂಗು ಮುರಿಯುತ್ತಿದ್ದ ಸಾಹಿತ್ಯಪ್ರಿಯರೂ ಗುನುಗಿದ್ದು ಸುಮ್ಮನೆ ಅಲ್ಲ.)

ಮುಂದೆ ಗಾಂಧಿನಗರದಲ್ಲಿ ಇಂಥ ಮೆಲುದನಿಯ ಹಾಡುಗಳದ್ದೇ ಸುಗ್ಗಿ. 2008ರ ‘ಗಾಳಿಪಟ’ಕ್ಕೂ ಕಾಯ್ಕಿಣಿ ಬರೆದರು, ಸೋನು ಹಾಡಿದರು. ಅನುಕರಣೆಗಳು ಬೇಜಾರು ತರಿಸುವಷ್ಟು ಬಂದವು. ಮಳೆ, ಕನಸು, ಮೌನ ಎಲ್ಲರ ಸಾಲುಗಳಲ್ಲೂ ಸವೆದುಹೋದವು. ಮೂಲ ಹಾಡು ಮಾತ್ರ ಸವೆದಿಲ್ಲ.