ಹಣ್ಣುನೊಣದ ವಂಶವಾಹಿಗಳ ನಾಮವಿಚಾರ

ತಳಿಶಾಸ್ತ್ರದಲ್ಲಿ ಹಣ್ಣುನೊಣಕ್ಕೆ ದೊರೆತಿರುವ ಪ್ರಾಶಸ್ತ್ಯದ ಕಾರಣಗಳು ಪ್ರಸಿದ್ಧವಾಗಿವೆ. ಅದು ಸೀಸೆಯಲ್ಲಿ ಅಲ್ಪವ್ಯಯದಿಂದ ಬೆಳೆಯುವುದು. ಸುಮಾರು 10 ದಿನಗಳಲ್ಲಿ ಹೊಸ ತಲೆಮಾರು ಸಿದ್ಧವಾಗುವುದು. ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುವುದು. ವರ್ಣತಂತುಗಳು ನಾಲ್ಕೇ ಜೊತೆ. ಇವೆಲ್ಲವೂ ಸೌಕರ್ಯಗಳು. ಈ ಸೌಕರ್ಯಗಳಿಂದ ಜ್ಞಾನವು ಹೇಗೆ ಹುಟ್ಟಿತೆಂಬುದನ್ನು ಆ ಶಾಸ್ತ್ರದ ಪರಿಭಾಷೆಯೇ ಸೂಚಿಸುತ್ತದೆ. ಅದನ್ನು ಕನ್ನಡಿಸುವವರು ಇದನ್ನು ಗಮನಿಸದಿದ್ದರೆ ಅರ್ಥವು ತಲೆಕೆಳಗಾಗುವುದು.

1910ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದ ಥಾಮಸ್ ಹಂಟ್ ಮಾರ್ಗನ್ನರು ಕೆಂಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನ ಗಂಡೊಂದನ್ನು ಕಂಡು, ಕೆಂಗಣ್ಣಿನ ಹೆಣ್ಣುಗಳೊಡನೆ ಕೂಡಿಸಿದರು. ಮೊದಲ ತಲೆಮಾರಿನಲ್ಲಿ ಮೂರು ಗಂಡುಗಳ ಹೊರತು ಎಲ್ಲವೂ ಕೆಂಗಣ್ಣಿನವೇ. ಎರಡನೆಯದರಲ್ಲಿ ಕೆಂಗಣ್ಣಿನ ಹೆಣ್ಣುಗಳು 2,459, ಕೆಂಗಣ್ಣಿನ ಗಂಡುಗಳು 1,011, ಬಿಳಿಗಣ್ಣಿನ ಗಂಡುಗಳು 782. ಬಿಳಿಗಣ್ಣಿನ ಹೆಣ್ಣು ಒಂದೂ ಇಲ್ಲ. ನಾಲ್ಕಾರು ಮರಿಗಳಲ್ಲಿ ಕಾಕತಾಳೀಯವೆನಿಸಬಹುದಾಗಿದ್ದುದು ಸಾವಿರಗಳ ಎಣಿಕೆಯಲ್ಲಿ ನಿಯಮವಾಗಿ ಕಂಡಿತು. ಲಿಂಗನಿರ್ಣಾಯಕವಾದ ವರ್ಣತಂತುವಿನಲ್ಲಿಯೇ ಈ ಗುಣದ ವಂಶವಾಹಿಯೂ ಇರುವುದೆಂಬ ಸಿದ್ಧಾಂತಕ್ಕೆ ಇದೇ ದಾರಿಯಾಯಿತು.

ಆ ವಂಶವಾಹಿಗೆ 'ವೈಟ್', ಎಂದರೆ 'ಬಿಳಿ', ಎಂದು ಹೆಸರಾಯಿತು. ಆದರೆ ಅದರ ಕಾರ್ಯವು ಕಣ್ಣಿಗೆ ಬಣ್ಣ ಕೊಡುವ ಮೂಲದ್ರವ್ಯಗಳ ಸಾಗಣೆಗೆ ನೆರವಾಗುವುದು. ಅದು ಕೆಟ್ಟಾಗಲೇ ಕಣ್ಣು ಬೆಳ್ಳಗಾಗುವುದು. ಹಾಗೆಯೇ 'ಐಲೆಸ್', ಎಂದರೆ 'ಕಣ್ಣಿಲ್ಲದ', ಎಂಬ ವಂಶವಾಹಿಯು ಕಣ್ಣಿನ ನಿರ್ಮಾಣಕ್ಕೆ ಕಾರಣವಾದುದು. 1995ರಲ್ಲಿ ಬಾಸೆಲ್ ನಗರದ ವಾಲ್ಟರ್ ಗೇರಿಂಗರೂ ಅವರ ಸಹೋದ್ಯೋಗಿಗಳೂ ಅದನ್ನು ಅಸ್ಥಾನದಲ್ಲಿ ಜಾಗೃತಗೊಳಿಸಲು, ನೊಣದ ಕಾಲು ರೆಕ್ಕೆಗಳ ಮೇಲೆಯೂ ಕಣ್ಣುಗಳು ಮೂಡಿದುವು.

ಆಲಂಕಾರಿಕರು ಇದನ್ನು ವಿಪರೀತಲಕ್ಷಣೆ ಎನ್ನುವರು. ಅಪಕಾರಿಯನ್ನು 'ಮಹೋಪಕಾರಿ' ಎಂದು ಕರೆದಂತೆ. ಮುಖ್ಯಾರ್ಥಕ್ಕೆ ಬಾಧೆಯಿದೆ, ವೈಪರೀತ್ಯರೂಪವಾದ ಸಂಬಂಧವಿದೆ, ಇನ್ನು ಪ್ರಯೋಜನವೇನು? ಪ್ರಮಾಣದ ರಕ್ಷಣೆಯೇ ಪ್ರಯೋಜನ. ವಂಶವಾಹಿ ಕೆಟ್ಟರೆ ಗುಣವಿಲ್ಲವೆಂಬ ವ್ಯತಿರೇಕದಿಂದಲೇ ಅದರ ಇರವು ಮೊದಲು ತಿಳಿದುಬಂದಿತು. ಹೆಸರು ಆ ವ್ಯತಿರೇಕವನ್ನು ಉಳಿಸಿಕೊಂಡಿದೆ. ಗೇರಿಂಗರ ಪ್ರಯೋಗವು ಬಹುಕಾಲದ ಮೇಲೆ ಅನ್ವಯವನ್ನು ಒದಗಿಸಿತು.

ಆದುದರಿಂದ ಇವನ್ನು 'ಶ್ವೇತಕಾರಕ', 'ಅಂಧತ್ವಕಾರಕ' ಎಂದು ಕನ್ನಡಿಸುವುದು ದೋಷ. ಈ ದೋಷವು ನೊಣದಲ್ಲಿಯೇ ನಿಲ್ಲುವುದಿಲ್ಲ. ಮನುಷ್ಯರ ರೋಗಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿ ಸಜಾತೀಯಗಳಿವೆ. 'ಐಲೆಸ್' ಎಂಬುದರ ಸಜಾತೀಯವು ನಮ್ಮೆಲ್ಲರಲ್ಲಿಯೂ ಇದೆ. ಅದನ್ನು 'ಅಂಧತ್ವಕಾರಕ'ವೆಂದು ಓದಿದ ವಿದ್ಯಾರ್ಥಿಯು, ಕಣ್ಣನ್ನು ಕೊಟ್ಟುದನ್ನೇ ಕುರುಡಿನ ಬೀಜವೆಂದು ತಿಳಿದಾನು. 'ರಕ್ತಾಕ್ಷ', 'ನೇತ್ರಕಾರಕ' ಎಂದರೆ ಕಾರ್ಯವು ತಿಳಿದೀತು, ಪ್ರಮಾಣದ ಕಥೆ ಮರೆಯಾಗುವುದು. ಮೂಲದ ಹೆಸರನ್ನೇ ಸಂಜ್ಞೆಯಾಗಿ ಇಟ್ಟುಕೊಂಡು, ಮೊದಲ ಪ್ರಯೋಗದಲ್ಲಿ 'ಇದು ಕೆಟ್ಟರೆ ಕಣ್ಣಿಲ್ಲ' ಎಂದು ವಿವರಿಸುವುದೇ ಯುಕ್ತವೆಂದು ನಮ್ಮ ಮತ.