ರೈಸ್ ಮನೆತನವೂ ಕನ್ನಡ ಸಾಹಿತ್ಯವೂ

ಕ್ರೈಸ್ತ ಮತಪ್ರಚಾರದ ಸಲುವಾಗಿ ಸ್ವದೇಶವನ್ನು ಬಿಟ್ಟು ದೂರದೇಶಗಳಲ್ಲಿ ಬಿಡಾರ ಹೂಡಿದ ಸಂಸಾರಗಳ ವೃತ್ತಾಂತಗಳು ಪಾಶ್ಚಾತ್ಯ ಭಾಷೆಗಳಲ್ಲಿ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೆನ್ನಬಹುದಾದಷ್ಟು ಬೆಳೆದಿವೆ. ದ್ವಿತೀಯ ಮಹಾಯುದ್ಧದ ತರುವಾಯ ಈ ಸಾಲಿಗೆ ವಿಮಾನ ನಡೆಯಿಸುವ ಪಾದ್ರಿಗಳ ಕಥೆಗಳೂ ಸೇರಿದವು. ೧೯೪೮ರಲ್ಲಿ ಈಕ್ವೆಡಾರ್ ದೇಶದ ಕಾಡಿನಂಚಿನ ಶೆಲ್ ಮೇರಾ ಎಂಬಲ್ಲಿ ಹೆಂಡತಿಯೊಡನೆ ಮನೆಮಾಡಿ, ಸಣ್ಣ ವಿಮಾನದಲ್ಲಿ ಔಷಧವನ್ನೂ ದವಸವನ್ನೂ ಒಯ್ಯುತ್ತಿದ್ದು, ೧೯೫೬ರ ಜನವರಿಯಲ್ಲಿ ನಾಲ್ವರು ಜೊತೆಗಾರರೊಡನೆ ಕಾಡುಜನರ ಈಟಿಗೆ ಬಲಿಯಾದ ನೇಟ್ ಸೇಂಟ್ ಎಂಬವರ ವೃತ್ತಾಂತವು ಇವುಗಳಲ್ಲಿ ಬಹಳ ಪ್ರಸಿದ್ಧವಾದುದು. ವಾಹನವು ಹಾಯಿಹಡಗಾಗಲಿ ವಿಮಾನವಾಗಲಿ, ಇಂಥ ಬರಹಗಳ ಧಾಟಿ ಮಾತ್ರ ಹೆಚ್ಚು ಬದಲಾದಂತೆ ತೋರುವುದಿಲ್ಲ. ಜ್ವರ, ನೀರು, ಆಳುಕಾಳು, ಮಕ್ಕಳ ವಿದ್ಯೆ, ನಾಲಗೆ ತಿರುಗದ ಹೊಸ ಭಾಷೆ, ಇವೇ ಅವುಗಳ ವಸ್ತು. ಬಂದವರ ಕಷ್ಟವು ಮುಂದೆ ನಿಂತು, ಇದ್ದವರ ನಾಡು ಹಿಂದಿನ ಪರದೆಯಂತೆ ತೂಗಾಡುವುದು ಅವುಗಳ ಸಾಮಾನ್ಯ ದೋಷ.

ಈ ಪರದೆಯನ್ನು ಸರಿಸಿ ನಾಡನ್ನೇ ಮುಂದಕ್ಕೆ ತಂದ ಮನೆತನವೊಂದು ಕನ್ನಡಿಗರ ಪಾಲಿಗೆ ದೊರೆತಿರುವುದು. ಅದು ಲಂಡನ್ ಮಿಷನ್ನಿಗೆ ಸೇರಿದ ರೈಸ್ ಮನೆತನ. ತಂದೆ ಬೆಂಜಮಿನ್ ರೈಸ್ ಉಪದೇಶಿ. ಹಿರಿಯ ಮಗ ಬಿ. ಎಲ್. ರೈಸ್ ಶಾಸನಶೋಧಕರು, ಮತ್ತೊಬ್ಬ ಮಗ ಇ. ಪಿ. ರೈಸ್ ಉಪದೇಶಿಯೂ ಹೌದು, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದವರೂ ಹೌದು. ಮಂಚೇನಹಳ್ಳಿ, ಗೌರೀಬಿದನೂರು, ಚಿಕ್ಕಬಳ್ಳಾಪುರಗಳ ವಾಚಕರಿಗೆ ಈ ಹೆಸರು ಅಪರಿಚಿತವಾಗಿರಲಾರದು. ಊರ ಹೊರಗಿನ ವೀರಗಲ್ಲನ್ನು ಓದಿ ಅಚ್ಚುಹಾಕಿಸಿದವರು ಯಾರೆಂದು ವಿಚಾರಿಸಿದರೆ ಹಿರಿಯ ರೈಸರ ಹೆಸರೇ ಬರುವುದು.

ಬೆಂಜಮಿನ್ ರೈಸರು ಪತ್ನೀಸಮೇತರಾಗಿ ಬೆಂಗಳೂರನ್ನು ಸೇರಿದುದು ೧೮೩೭ರಲ್ಲಿ. ಆಗ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಾಗಿದ್ದಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಹಿರಿಯ ಮಗನು ಬೆಂಗಳೂರಿನಲ್ಲಿಯೇ ಹುಟ್ಟಿದನು. ಅಂದರೆ, ಆ ತಾಯಿಯು ಗರ್ಭಿಣಿಯಾಗಿ ಸಮುದ್ರವನ್ನು ದಾಟಿ, ಭಾಷೆ ತಿಳಿಯದ ಊರಿನಲ್ಲಿ ಕೆಲವೇ ತಿಂಗಳೊಳಗೆ ಹೆರಿಗೆಯಾದಳೆಂದಾಯಿತು. ಬೆಂಗಳೂರಿನಲ್ಲಿ ಕನ್ನಡದ ಹೆಣ್ಣುಮಕ್ಕಳಿಗಾಗಿ ಮಿಷನ್ನಿನವರು ಮೊದಮೊದಲು ನಡೆಯಿಸಿದ ಶಾಲೆಗಳಲ್ಲಿ ಈಕೆಯ ದುಡಿಮೆಯೂ ಸೇರಿದೆ. ಬೆಂಜಮಿನ್ನರಾದರೋ ಐವತ್ತು ವರ್ಷ ಇಲ್ಲಿಯೇ ಕಳೆದು, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ಮುಖ್ಯರಾಗಿ ಕೆಲಸಮಾಡಿ, ೧೮೮೭ರಲ್ಲಿ ತೀರಿಕೊಂಡರು. ಬಳ್ಳಾರಿಯ ಜಾನ್ ಹ್ಯಾಂಡ್ಸರು ೧೮೧೦ರಿಂದ ಶ್ರಮಪಟ್ಟು ಮಾಡಿದ ಮೊದಲ ಭಾಷಾಂತರದ ಬಿಗುವನ್ನು ಸಡಿಲಿಸಿ ಆಡುಮಾತಿಗೆ ಹತ್ತಿರ ತರುವುದು ಆ ಪರಿಷ್ಕರಣದ ಉದ್ದೇಶವಾಗಿದ್ದಿತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಇವರ ಹೆಸರಿನದು.

ತಂದೆಯ ಜೀವಿತವನ್ನು ಇ. ಪಿ. ರೈಸರೇ ಗ್ರಂಥರೂಪವಾಗಿ ಬರೆದಿರುವರು. ಒಡೆಯನ ಸೇವೆಯಲ್ಲಿ ಐವತ್ತು ವರ್ಷವೆಂಬುದು ಅದರ ಉಪನಾಮ. ಗ್ರಂಥದ ದೃಷ್ಟಿಯು ಈ ಹೆಸರಿನಲ್ಲಿಯೇ ಇರುವುದು: ಐವತ್ತು ವರ್ಷವೂ ಸೇವೆಗೆ ಸಂದಿತು, ಮನೆಗೆ ಎಷ್ಟು ಸಂದಿತೆಂಬ ಲೆಕ್ಕವು ಬೇರೆ. ಪಾದ್ರಿಯ ಸಂಸಾರಕ್ಕೆ ಆ ಕಾಲದಲ್ಲಿದ್ದ ಅತ್ಯಂತ ದೊಡ್ಡ ಸಂಕಟವು ಜ್ವರವೂ ಅಲ್ಲ, ಬಡತನವೂ ಅಲ್ಲ, ಮಕ್ಕಳ ವಿಯೋಗ. ಮಂಗಳೂರು, ಧಾರವಾಡ, ಕೊಡಗುಗಳಲ್ಲಿ ಕೆಲಸಮಾಡುತ್ತಿದ್ದ ಬಾಸೆಲ್ ಮಿಷನ್ನಿನವರು ಇದನ್ನು ೧೮೫೩ರಲ್ಲಿ ಕಟ್ಟಳೆಯನ್ನಾಗಿಯೇ ಮಾಡಿ, ಮಕ್ಕಳನ್ನು ಓದುವ ವಯಸ್ಸಿಗೆ ಯೂರೋಪಿಗೆ ಕಳುಹಿಸತಕ್ಕದ್ದೆಂದು ವಿಧಿಸಿದರು. ಮಲಯಾಳ ನಿಘಂಟುಕಾರರಾದ ಗುಂಡರ್ಟರ ಮಗಳು ಮಾರೀ ೧೮೪೨ರಲ್ಲಿ ತಲಚ್ಚೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಅಗಲಿ ಯೂರೋಪಿನಲ್ಲಿ ಬೆಳೆದಳು. ಮುಂದೆ ಜಗತ್ಪ್ರಸಿದ್ಧನಾದ ಹರ್ಮನ್ ಹೆಸ್ಸೆಯು ಈಕೆಯ ಮಗ. ಲಂಡನ್ ಮಿಷನ್ನಿನ ಮನೆಗಳಲ್ಲಿಯೂ ನಡೆಯುತ್ತಿದ್ದುದು ಹೆಚ್ಚು ಬೇರೆಯಲ್ಲ; ಬಿ. ಎಲ್. ರೈಸರ ವಿದ್ಯಾಭ್ಯಾಸವು ಇಂಗ್ಲೆಂಡಿನಲ್ಲಿ ಆಯಿತು. ಹೀಗೆ ಎರಡನೆಯ ತಲೆಮಾರಿಗೆ ಹುಟ್ಟಿದ ಊರೊಂದು, ಓದಿದ ಊರೊಂದು. ತಾಯ್ನಾಡು ಯಾವುದೆಂಬ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ.

ಬಿ. ಎಲ್. ರೈಸರು ಈ ಪ್ರಶ್ನೆಗೆ ಕಾರ್ಯದಿಂದ ಉತ್ತರಕೊಟ್ಟರು. ೧೮೬೦ರಲ್ಲಿ ಉಪಾಧ್ಯಾಯರಾಗಿ ಹುಟ್ಟೂರಿಗೆ ಹಿಂದಿರುಗಿ, ವಿದ್ಯಾಭ್ಯಾಸದ ಇಲಾಖೆಯ ಮುಖ್ಯಾಧಿಕಾರಿಗಳಾಗಿ, ಬಳಿಕ ಪ್ರಾಚ್ಯಶೋಧನೆಯ ಅಧಿಕಾರಿಗಳಾಗಿ, ೧೯೦೬ರಲ್ಲಿ ವಿಶ್ರಾಂತರಾಗುವವರೆಗೂ ಈ ನಾಡಿನ ಕಲ್ಲುಗಳನ್ನೂ ಓಲೆಗಳನ್ನೂ ಬಿಡಲಿಲ್ಲ. ಎಪಿಗ್ರಾಫಿಯ ಕರ್ಣಾಟಿಕದ ಹನ್ನೆರಡು ಸಂಪುಟಗಳಲ್ಲಿ ಹತ್ತನೆಯದು ಕೋಲಾರ ಜಿಲ್ಲೆಯದು. ೧೯೦೫ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಈ ಸಂಪುಟದಲ್ಲಿ, ೨೦೦೭ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೂ ಅಡಕವಾಗಿವೆ. ಗೌರೀಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹೊಲಗದ್ದೆಗಳಲ್ಲಿ ದನಗಳು ಮೈ ಉಜ್ಜಿಕೊಳ್ಳುತ್ತಿದ್ದ ಕಲ್ಲುಗಳು ಸಂಖ್ಯೆ ಪಡೆದು, ನೊಳಂಬರ, ಬಾಣರ, ಗಂಗರ ಹೆಸರುಗಳೊಡನೆ ಪುಸ್ತಕವನ್ನು ಹೊಕ್ಕವು. ಕನ್ನಡವಲ್ಲದೆ ತೆಲುಗು, ತಮಿಳು ಶಾಸನಗಳೂ ಇದರಲ್ಲಿ ಇರುವುದು ಈ ಸೀಮೆಯವರಿಗೆ ಆಶ್ಚರ್ಯವನ್ನುಂಟುಮಾಡದು. ಅಡಿಗೆಮನೆಯಲ್ಲಿ ತೆಲುಗನ್ನೂ ಜಗಲಿಯ ಮೇಲೆ ಕನ್ನಡವನ್ನೂ ಆಡುವ ಮನೆಗಳು ಇಲ್ಲಿ ಎಷ್ಟೋ ಇವೆ. ಒಂದು ಭಾಷೆಯಲ್ಲಿ ಹುಟ್ಟಿ ಇನ್ನೊಂದರಲ್ಲಿ ಬಾಳುವುದೆಂದರೇನೆಂದು ಅಂಥವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ಸಂಪುಟಗಳಲ್ಲಿ ದೋಷಗಳಿಲ್ಲವೆಂದಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರು ಎತ್ತಿದ ಆಕ್ಷೇಪಗಳಲ್ಲಿ ಹಲವು ಬಲವಾದುವು. ಅನುವಾದಗಳಲ್ಲಿ ಅವಸರದ ಗುರುತುಗಳಿವೆ. ಶ್ರವಣಬೆಳ್ಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ೧೯೨೩ರಲ್ಲಿ ಪ್ರಕಟಿಸಬೇಕಾಯಿತು. ಆದರೂ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಹುಡುಕಿ ಒಂದೆಡೆ ಸೇರಿಸಿದವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೂ ಆ ಸಂಪುಟಗಳೇ ಆಧಾರವಾಗಬೇಕು.

ವಿಮರ್ಶೆಗೆ ಹೆಚ್ಚು ಎಡೆಗೊಡುವುದು ತಮ್ಮನ ಗ್ರಂಥ. ೧೯೧೫ರಲ್ಲಿ ಹೊರಬಿದ್ದು, ೧೯೨೧ರಲ್ಲಿ ಕಲ್ಕತ್ತೆಯ ಹೆರಿಟೇಜ್ ಆಫ್ ಇಂಡಿಯಾ ಮಾಲೆಯಲ್ಲಿ ಪರಿಷ್ಕೃತವಾಗಿ ಬಂದ ಇ. ಪಿ. ರೈಸರ ಕನ್ನಡ ಸಾಹಿತ್ಯಚರಿತ್ರೆಯು ಗಾತ್ರದಲ್ಲಿ ಚಿಕ್ಕದು. ಅದರ ಪ್ರಭಾವವು ಚಿಕ್ಕದಲ್ಲ. ಕನ್ನಡವನ್ನರಿಯದ ಪಂಡಿತರು ಬಹುಕಾಲ ಕನ್ನಡ ಸಾಹಿತ್ಯವನ್ನು ಈ ಕಿಟಕಿಯಿಂದಲೇ ನೋಡಿದರು. ೧೯೦೭ರಲ್ಲಿ ಮೊದಲ ಸಂಪುಟವನ್ನು ಕಂಡ ಕರ್ಣಾಟಕ ಕವಿಚರಿತೆಯ ಸಾಮಗ್ರಿಯನ್ನು ಆಧಾರವಾಗಿಟ್ಟುಕೊಂಡು, ಸಾವಿರ ವರ್ಷಗಳ ಕಥೆಯನ್ನು ತೊಡಕಿಲ್ಲದೆ ಹೇಳುವುದು ಸಾಮಾನ್ಯ ಸಾಹಸವಲ್ಲ. ಮಾತು ಮಿತವಾಗಿದೆ, ಕಾಲನಿರ್ದೇಶವು ಸ್ಪಷ್ಟವಾಗಿದೆ, ಎಲ್ಲಿಯೂ ಪರಮತನಿಂದೆಯ ಕಾವು ಏರಿಲ್ಲ. ಉಪದೇಶಿಯ ಲೇಖನಿಯಿಂದ ಬಂದ ಗ್ರಂಥಕ್ಕೆ ಈ ಕೊನೆಯ ಪ್ರಶಂಸೆಯು ಅಲ್ಪವಾದುದಲ್ಲ.

ಆದರೆ ವಿಭಾಗಕ್ರಮವನ್ನು ನೋಡಿರಿ. ಮೊದಲು ಜೈನರ ಕಾಲ, ಆಮೇಲೆ ಲಿಂಗವಂತರ ಕಾಲ, ಆಮೇಲೆ ವೈಷ್ಣವರ ಕಾಲ. ಸಾಹಿತ್ಯವು ಮತಗಳ ಮೆರವಣಿಗೆಯಾಯಿತು. ಈ ಕ್ರಮಕ್ಕೆ ಅನುಕೂಲವಾದ ಸಂಗತಿಗಳು ಉಂಟು. ಕನ್ನಡಿಗ ಪಂಡಿತರೂ ಇದನ್ನು ಬಹಳ ದಿನ ಬಳಸಿದರು. ಅಷ್ಟಾದರೂ ಪಂಪನು ಆದಿಪುರಾಣದಲ್ಲಿ ಜಿನಾಗಮವನ್ನೂ ಭಾರತದಲ್ಲಿ ಲೌಕಿಕವನ್ನೂ ಬೆಳಗಿದೆನೆಂದು ತಾನೇ ವಿಂಗಡಿಸಿಕೊಂಡಿರುವಾಗ, ಅವನನ್ನು ಬರಿಯ ಜೈನಕವಿಯೆಂದು ಚೀಟಿ ಅಂಟಿಸಿದರೆ ಅರ್ಧ ಪಂಪನು ಹೊರಗುಳಿಯುವನು. ರತ್ನಾಕರವರ್ಣಿಯು ಭರತೇಶವೈಭವವನ್ನು ರಚಿಸಿದುದು ಹದಿನಾರನೆಯ ಶತಮಾನದ ನಡುವೆ. ಭಟ್ಟಾಕಳಂಕನು ಶಬ್ದಾನುಶಾಸನವನ್ನು ಮುಗಿಸಿದುದು ೧೬೦೪ರಲ್ಲಿ. ಇವರಿಬ್ಬರೂ ಜೈನರು, ಜೈನರ ಕಾಲವಾದರೋ ಎಂದೋ ಮುಗಿದಿತ್ತು. ಈ ಎರಡನೆಯ ಗ್ರಂಥವನ್ನು ೧೮೯೦ರಲ್ಲಿ ಸಂಪಾದಿಸಿ ಅಚ್ಚುಮಾಡಿಸಿದವರು ಗ್ರಂಥಕರ್ತರ ಅಣ್ಣಂದಿರೇ ಎಂಬುದು ಒಂದು ವಿನೋದ.

ಇದಕ್ಕಿಂತಲೂ ನೋವುಂಟುಮಾಡಿದುದು ಗ್ರಂಥಕರ್ತರ ಒಟ್ಟು ತೀರ್ಮಾನ. ಕನ್ನಡ ಕವಿಗಳು ಭಾಷೆಯನ್ನು ಪಳಗಿಸುವುದರಲ್ಲಿ ಬಹು ನಿಪುಣರೆಂದೂ, ಅವರ ಕಾವ್ಯವು ಕಿವಿಗೆ ಇಂಪೆಂದೂ, ಆದರೆ ಜಗತ್ತಿನ ಜ್ಞಾನಭಂಡಾರಕ್ಕೂ ಸ್ಫೂರ್ತಿಗೂ ಅವರಿಂದ ಸಂದ ಕಾಣಿಕೆಯು ಬಹಳ ಸ್ವಲ್ಪವೆಂದೂ, ಸ್ವತಂತ್ರವಾದ ಚಿಂತನೆಯು ವಿರಳವೆಂದೂ ಅವರು ಬರೆದರು. ಈ ಮಾತು ಕನ್ನಡಿಗರನ್ನು ಕೆರಳಿಸಿದುದರಲ್ಲಿ ಆಶ್ಚರ್ಯವಿಲ್ಲ. ಕೆರಳುವುದು ಸುಲಭ, ಮಾತಿನ ಬುಡವನ್ನು ಶೋಧಿಸುವುದು ಅದಕ್ಕಿಂತ ಉಪಯುಕ್ತ.

ಮೊದಲನೆಯದಾಗಿ, ೧೯೧೫ರಲ್ಲಿ ಕನ್ನಡದ ಯಾವ ಯಾವ ಗ್ರಂಥಗಳು ಬೆಳಕಿಗೆ ಬಂದಿದ್ದುವೆಂಬುದನ್ನು ನೆನೆಯಬೇಕು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ಬಂದುದು ೧೯೨೩ರಲ್ಲಿ. ಅದಕ್ಕೆ ಹಿಂದೆ ವಚನಗಳು ಬಹುಮಟ್ಟಿಗೆ ಮಠಗಳ ಓಲೆಗಳಲ್ಲಿದ್ದುವು. ವಡ್ಡಾರಾಧನೆಯು ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ಹೊರಬಂದುದು ೧೯೪೯ರಲ್ಲಿ. ಬಸವಣ್ಣನವರ, ಅಲ್ಲಮಪ್ರಭುವಿನ, ಅಕ್ಕಮಹಾದೇವಿಯ ವಚನಗಳನ್ನು ಸಮಗ್ರವಾಗಿ ಕಾಣದವರು ಕನ್ನಡದಲ್ಲಿ ಸ್ವತಂತ್ರ ಚಿಂತನೆಯಿಲ್ಲವೆಂದರೆ, ಅದು ಕಣಜದ ಬಾಗಿಲಲ್ಲಿ ನಿಂತು ಬೆಳೆಯನ್ನು ಅಳೆದಂತಾಯಿತು. ಈ ಮಟ್ಟಿಗೆ ದೋಷವು ಕಾಲದ್ದು, ಗ್ರಂಥಕರ್ತರದಲ್ಲ.

ಎರಡನೆಯ ಕಾರಣವನ್ನು ಮಾತ್ರ ಕಾಲದ ತಲೆಗೆ ಕಟ್ಟುವಂತಿಲ್ಲ. ವಿಕ್ರಮಾರ್ಜುನವಿಜಯವು ಆಗ ಓಲೆಯಲ್ಲಿ ಅಡಗಿರಲಿಲ್ಲ. ೧೮೯೮ರಲ್ಲಿ ಅದನ್ನು ಅಚ್ಚುಮಾಡಿಸಿದವರೂ ಬಿ. ಎಲ್. ರೈಸರೇ. ಪಂಪನ ಕರ್ಣನಲ್ಲಿ, ರನ್ನನ ದುರ್ಯೋಧನನಲ್ಲಿ ಮಾನವಜೀವನದ ಕುರಿತು ಹೊಸ ಮಾತೇನೂ ಇಲ್ಲವೇ? ವ್ಯಾಸರ ಕಥೆಯೇ ಅಲ್ಲವೆ ಎಂದರೆ, ಕಥೆ ಹಳೆಯದು, ದುಃಖ ಹೊಸದು. ಸೋಲನ್ನರಿತೂ ಹಿಂದೆಗೆಯದ ಒಬ್ಬನ ನಡೆಯಿಂದ ಕವಿಯು ಹೇಳುವುದನ್ನು ಸೂತ್ರರೂಪವಾಗಿ ಬರೆದು ಜಗತ್ತಿನ ಭಂಡಾರಕ್ಕೆ ಜಮಾ ಮಾಡಲು ಸಾಧ್ಯವಿಲ್ಲ. ಗ್ರಂಥಕರ್ತರು ಹುಡುಕಿದುದು ಕಾವ್ಯದಲ್ಲಿ ಉಪದೇಶದ ತಿರುಳನ್ನು. ಭಾನುವಾರದ ಪ್ರಸಂಗಕ್ಕೆ ಒದಗುವ ವಾಕ್ಯವು ದೊರೆತರೆ ಅದು ಚಿಂತನೆ. ದೊರೆಯದಿದ್ದರೆ ಅದು ಬರಿಯ ಇಂಪು. ಹಾಗೆ ನೋಡಿದರೆ ಸರ್ವಜ್ಞನಿಗೆ ಕುಮಾರವ್ಯಾಸನಿಗಿಂತ ಮೇಲಾದ ಮಣೆ ದೊರೆಯಬೇಕಾದೀತು.

ಇಲ್ಲಿ ಇ. ಪಿ. ರೈಸರ ಪರವಾಗಿಯೂ ಒಂದು ಮಾತನ್ನು ಹೇಳಬಹುದು. ಬಂದ ಅತಿಥಿಯು ಊಟವನ್ನು ಹೊಗಳುವನು. ಉಪ್ಪು ಕಡಿಮೆಯೆಂದು ಗೊಣಗುವವನು ಮನೆಯವನು. ಎರಡು ತಲೆಮಾರು ಈ ನಾಡಿನ ಅನ್ನವನ್ನುಂಡ ಮನೆತನದವರು ನಿಷ್ಠುರವಾಗಿ ಮಾತನಾಡಿದರೆ, ಅದನ್ನು ಸಲಿಗೆಯ ಲಕ್ಷಣವೆಂದೇಕೆ ಎಣಿಸಬಾರದು? ವಾದವು ಮನೋಹರವಾಗಿದೆ; ಆದರೆ ನಿಲ್ಲುವುದಿಲ್ಲ. ಮನೆಯವನ ಗೊಣಗು ಮನೆಯ ಅಡಿಗೆಯನ್ನು ಮನೆಯ ನಿನ್ನೆಯ ಅಡಿಗೆಯೊಡನೆ ಹೋಲಿಸುವುದು. ಇಲ್ಲಿಯ ತಕ್ಕಡಿಯಾದರೋ ಹೊರಗಿನಿಂದ ತಂದದ್ದು. ಜಗತ್ತಿಗೆ ಏನು ಕೊಟ್ಟಿರೆಂಬ ಪ್ರಶ್ನೆಯನ್ನು ಕನ್ನಡ ಓದುಗನು ತನ್ನ ಕವಿಯನ್ನು ಎಂದೂ ಕೇಳಿದವನಲ್ಲ. ಮಳೆಗಾಲದ ರಾತ್ರಿ ಗದುಗಿನ ಭಾರತವನ್ನು ವಾಚನಮಾಡಿಸಿ ಕೇಳುತ್ತಿದ್ದ ಹಳ್ಳಿಗನಿಗೆ ಆ ಕಾವ್ಯವು ಏನು ಕೊಡುತ್ತಿದ್ದಿತೆಂಬುದೇ ಗ್ರಂಥದಲ್ಲಿ ಕಾಣದ ಅಧ್ಯಾಯ.

ಈ ಸಂದರ್ಭದಲ್ಲಿ ಬಾಸೆಲ್ ಮಿಷನ್ನಿನ ಕಿಟ್ಟೆಲರು ನೆನಪಿಗೆ ಬರುವುದು ಸಹಜ. ೧೮೫೩ರಲ್ಲಿ ಇಲ್ಲಿಗೆ ಬಂದ ಈ ಜರ್ಮನ್ ಪಾದ್ರಿಗಳು ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ಸೋದರಿಯನ್ನು ವರಿಸಿದರು. ನಡುವೆ ಸ್ವದೇಶಕ್ಕೆ ಹೋಗಿ ಮತ್ತೆ ಬಂದರು. ಸಂಸಾರವು ನೆಲೆನಿಂತಿತೆಂದು ಹೇಳುವಂತಿಲ್ಲ. ಆದರೆ ೧೮೬೨ರ ಕಥಾಮಾಲೆಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಕಟ್ಟಿದರು. ಹಾಡುವವನ ಬಾಯಿಯನ್ನು ಬದಲಿಸುವುದಕ್ಕಿಂತ ಹಾಡನ್ನೇ ಅವನ ಬಾಯಿಗೆ ಒಗ್ಗಿಸಿದರು. ಕಾವ್ಯಗುಣದಲ್ಲಿ ಅದು ಸಾಧಾರಣವೇ ಸರಿ. ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿ, ೧೮೯೪ರಲ್ಲಿ ನಿಘಂಟನ್ನು ಹೊರತಂದಾಗ, ಹಳಗನ್ನಡ ಕಾವ್ಯದ ಪ್ರಯೋಗದ ಪಕ್ಕದಲ್ಲಿಯೇ ಒಕ್ಕಲಿಗನ ಗಾದೆಗೂ ಮಣೆಹಾಕಿದರು. ಇ. ಪಿ. ರೈಸರು ಸಾಹಿತ್ಯವನ್ನು ಮೇಲಿನಿಂದ ನೋಡಿ ನಕ್ಷೆ ಬರೆದರು, ವಿಮಾನದಿಂದ ಹೊಲಗಳನ್ನು ನೋಡಿದಂತೆ. ಕಿಟ್ಟೆಲರು ನೇಗಿಲ ಹಿಂದೆ ನಡೆದರು. ನಕ್ಷೆಯೂ ಬೇಕಾದುದೇ; ಆದರೆ ಮಣ್ಣಿನ ಸಾರದ ವಿಷಯದಲ್ಲಿ ನಕ್ಷೆ ಬರೆದವನ ತೀರ್ಪಿಗೆ ಹೆಚ್ಚಿನ ಬೆಲೆಯಿಲ್ಲ.

ಬಿ. ಎಲ್. ರೈಸರು ೧೯೨೭ರಲ್ಲಿ ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ಎಂಬತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಇ. ಪಿ. ರೈಸರ ಗ್ರಂಥವು ಮರುಮುದ್ರಣಗೊಂಡು ಪುಸ್ತಕಭಂಡಾರಗಳಲ್ಲಿ ದೊರೆಯುವುದರಿಂದ, ಮನೆಯಲ್ಲಿ ಕಾಲೇಜು ಓದುವ ಮಕ್ಕಳಿರುವವರು ಅದನ್ನು ತರಿಸಿಕೊಳ್ಳಬಹುದು. ಒಟ್ಟಿಗೆ ಕವಿಚರಿತೆಯ ಮೂರು ಸಂಪುಟಗಳೂ ಇರುವುದು ಒಳ್ಳೆಯದು. ರೈಸರು ಒಂದು ಪುಟದಲ್ಲಿ ಮುಗಿಸಿದ ಕವಿಯ ಪದ್ಯಗಳು ಅಲ್ಲಿ ಕಣ್ಣಿಗೆ ಬೀಳುವುವು. ಹತ್ತನೆಯ ಶಾಸನಸಂಪುಟವು ಕೈಗೆ ಸಿಕ್ಕರೆ, ತಾಲ್ಲೂಕಿನ ಕ್ರಮದಲ್ಲಿ ಜೋಡಿಸಿರುವುದರಿಂದ ಗೌರೀಬಿದನೂರಿನ ಭಾಗವನ್ನು ತೆಗೆದು ತಮ್ಮ ಊರಿನ ಕಲ್ಲಿನ ಸಂಖ್ಯೆಯನ್ನು ನೋಡಿಕೊಳ್ಳುವುದು ಕಷ್ಟವಲ್ಲ. ಸಂಖ್ಯೆಯಿದ್ದೂ ಕಲ್ಲು ಇಲ್ಲದ ಊರುಗಳ ಹೆಸರನ್ನು ಯಾರಾದರೂ ಬರೆದಿಟ್ಟರೆ, ಸಂಘದ ಮುಂದಿನ ಸಂಚಿಕೆಗಳಿಗೆ ಅದೇ ಒಂದು ಲೇಖನಕ್ಕಾಗುವಷ್ಟು ವಿಷಯವಾದೀತು.